ಮರುಮಾತಿಗೆ ಜಾಗವಿರಲಿ

ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ ಚೆಂದಾಗಿ ಉಟ್ಟು ತೊಟ್ಟು ಹೊರಬಿದ್ದವರು ಒಂದು ಮಾತು ಅನ್ನಿಸಿಕೊಳ್ಳದೆ ಬೀದಿ ದಾಟುವುದು ಕಷ್ಟ. ಚಹಾದ ಅಂಗಡಿಯ ಕಟ್ಟೆಯಿಂದ ಯಾರಾದರೂ ಕೂಗುತ್ತಾರೆ: “ಯಾಕ್ ಮಾವಾ, ಕಬ್ಬಿನ ಬಿಲ್ ಬಂದಂಗ ಕಾಣತೈತಿ? ಪಟಕಾ ಭಾಳ ಬೆಳ್ಳಗ ಆಗೇತಿ!” ಮಾವ ನಡಿಗೆ ನಿಲ್ಲಿಸದೆಯೇ ಉತ್ತರ ಕೊಡುತ್ತಾನೆ: “ಬಿಲ್ ಎಲ್ಲಿ ಬಂತೋ ಅಳ್ಯಾ, ಸಬಕಾರ ನಿಮ್ಮಪ್ಪನ ಅಂಗಡ್ಯಾಗ ಉದ್ರಿ ತಂದೇನಿ.” ಕಟ್ಟೆಯೂ ನಗುತ್ತದೆ, ಮಾವನೂ ನಗುತ್ತಾನೆ. ಇದಕ್ಕೆ ನಮ್ಮ ಕಡೆ ಚಾಷ್ಟಿ ಅನ್ನುತ್ತಾರೆ. ಇಬ್ಬರೂ ಒಂದೇ ಮನೆತನದವರಾಗಿರಬೇಕಿಲ್ಲ. ಊರವರು ತಾವೇ ಹಚ್ಚಿಕೊಂಡ ಮಾವ-ಅಳಿಯತನವಿದ್ದರೆ ಸಾಕು.

ಅದೇ ಮಾತನ್ನು ಅದೇ ಮಾವನಿಗೆ ಸಾಲ ಕೊಟ್ಟ ಸಾಹುಕಾರ ಆಡಲಿ. ಒಂದಕ್ಷರವೂ ಬದಲಾಗಿಲ್ಲ. ಆದರೂ ಮಾವನ ಮುಖ ಬಾಡುತ್ತದೆ, ಬಾಯಿಗೆ ಬಂದ ಉತ್ತರ ಅಲ್ಲೇ ಉಳಿಯುತ್ತದೆ, ಕಟ್ಟೆಯ ಮೇಲೆ ಕೂತವರು ಬೇರೆ ಕಡೆ ನೋಡುತ್ತಾರೆ.

ಇಂಗ್ಲಿಷಿನವರು ಇಂಥ ಒಂದೊಂದು ಬಗೆಗೂ ಒಂದೊಂದು ಹೆಸರಿಟ್ಟಿದ್ದಾರೆ. ಗೆಳೆಯರು ಒಬ್ಬರ ಕಾಲನ್ನೊಬ್ಬರು ಎಳೆದರೆ ಬ್ಯಾಂಟರ್. ಆಡಿದ್ದೊಂದು, ಮನಸ್ಸಿನಲ್ಲಿದ್ದದ್ದು ಅದರ ತಿರುವುಮುರುವು ಆದರೆ ಐರನಿ. ಅದನ್ನೇ ಚೂಪು ಮಾಡಿ ಎದುರಿನವನಿಗೆ ಚುಚ್ಚಿದರೆ ಸಾರ್ಕ್ಯಾಸಂ. ಒಬ್ಬನನ್ನು ನಾಲ್ಕು ಮಂದಿಯೆದುರು ನಗೆಪಾಟಲು ಮಾಡಿದರೆ ರಿಡಿಕ್ಯೂಲ್. ಕೆಟ್ಟ ವ್ಯವಸ್ಥೆಯನ್ನು ಬಯಲಿಗೆಳೆಯಲು ನಗೆಯನ್ನು ಹೂಡಿದರೆ ಸಟೈರ್. ಜೊನಾಥನ್ ಸ್ವಿಫ್ಟ್ 1729ರಲ್ಲಿ ಒಂದು ಬರಹ ಪ್ರಕಟಿಸಿದ. ಐರ್ಲೆಂಡಿನ ಬಡವರ ಕೂಸುಗಳನ್ನು ಉಳ್ಳವರ ಊಟಕ್ಕೆ ಮಾರಬಹುದೆಂದು ಲೆಕ್ಕ ಹಾಕಿ, ಗಂಭೀರವಾಗಿ ಸಲಹೆ ಕೊಟ್ಟ. ಅವನು ಹಿಡಿದ ದಾರಿ ಐರನಿ, ಸೇರಿದ ಜಾಗ ಸಟೈರ್. ಬಡವರ ಬದುಕನ್ನು ಖರ್ಚುವೆಚ್ಚವಾಗಿ ಕಂಡ ಧಣಿಗಳಿಗೆ ಆ ಪೆಟ್ಟು ಬಿತ್ತು.

ಕನ್ನಡದಲ್ಲೂ ವ್ಯಂಗ್ಯ, ಕುಹಕ, ಗೇಲಿ, ಲೇವಡಿ, ಅಣಕ, ವಿಡಂಬನೆ ಎಂದು ಹೆಸರಿಗೇನೂ ಬರವಿಲ್ಲ. ಆದರೆ ಹಳ್ಳಿಯ ಮಂದಿ ನಗೆಯನ್ನು ತೂಗುವ ಬಗೆ ಬೇರೆ. ಯಾರು ಅಂದರು, ಯಾರಿಗೆ ಅಂದರು, ಯಾವ ಹೊತ್ತಿನಲ್ಲಿ ಅಂದರು, ಅನ್ನಿಸಿಕೊಂಡವನಿಗೆ ತಿರುಗಿ ಅನ್ನಲು ದಾರಿ ಇತ್ತೇ ಎಂದು ನೋಡುತ್ತಾರೆ. ಇವುಗಳಲ್ಲಿ ಕೊನೆಯದೇ ಎಲ್ಲಕ್ಕಿಂತ ದೊಡ್ಡದೆಂದು ನಾನು ನಂಬಿದ್ದೇನೆ.

ಮದುವೆಯ ಬೀಗರ ಹಾಡನ್ನೇ ನೋಡಿ. ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರ ಜಿಪುಣತನ, ಊಟಕ್ಕೆ ಕೂತಾಗಿನ ಅವಸರ, ಬೀಗತಿಯ ಡೌಲು ಯಾವುದನ್ನೂ ಬಿಡದೆ ಹಾಡಿ ಹಂಗಿಸುತ್ತಾರೆ. ಆ ಹಾಡು ಮುಗಿದರೆ ಗಂಡಿನ ಕಡೆಯವರ ಸರದಿ. ನಿನ್ನೆ ತನಕ ಅಪರಿಚಿತರಾಗಿದ್ದ ಎರಡು ಮನೆಗಳು ಹೀಗೆ ಅಂದು, ಅನ್ನಿಸಿಕೊಂಡು, ಹೊತ್ತು ಮುಳುಗುವುದರೊಳಗೆ ನೆಂಟರಾಗುತ್ತವೆ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಇಂಥ ಸಲಿಗೆಯ ಸಂಬಂಧಗಳ ಮೇಲೆಯೇ ಒಂದು ಪ್ರಬಂಧ ಬರೆದ. ಮದುವೆಯಿಂದ ಕೂಡಿದವರ ನಡುವೆ ಪ್ರೀತಿಯೂ ತಿಕ್ಕಾಟವೂ ಒಟ್ಟಿಗೇ ಇರುತ್ತವೆ, ಜಗಳಕ್ಕೆ ಹೋಗದಂತೆ ಅವನ್ನು ಹಿಡಿದಿಡುವುದು ಚೇಷ್ಟೆ ಎಂಬುದು ಅವನ ವಾದ. ಬೀಗರ ಹಾಡು ಹಾಡುವ ಅಜ್ಜಿಯರು ಅದನ್ನು ಓದದೆಯೇ ಬಲ್ಲರು.

ಗೀಗೀ ಪದದ ಹರದೇಶಿ-ನಾಗೇಶಿ ಮೇಳಗಳಲ್ಲೂ ಇದೇ ನ್ಯಾಯ. ಗಂಡು ಹೆಚ್ಚೆಂದು ಒಂದು ಮೇಳ, ಹೆಣ್ಣು ಹೆಚ್ಚೆಂದು ಇನ್ನೊಂದು. ದಪ್ಪು, ತುಂತುಣಿಯ ನಾದದ ಮೇಲೆ ಒಬ್ಬರು ಸವಾಲು ಹಾಕುತ್ತಾರೆ, ಇನ್ನೊಬ್ಬರು ಜವಾಬು ಕೊಡುತ್ತಾರೆ. ಎಷ್ಟೇ ಕಟುವಾಗಿ ಹಂಗಿಸಿದರೂ ಹಾಡಿದ ಮೇಳ ಎದುರಿನವರಿಗೆ ಜಾಗ ಬಿಡಲೇಬೇಕು. ಬೆಳಗಾಗುವ ತನಕ ಜನ ಕದಲದೆ ಕೂರುವುದು ಆ ಮರುಮಾತಿನ ಆಸೆಗೆ.

ಕುಲಗೋಡವೂ ನಮಗೆ ದೂರವೇನಲ್ಲ. ಈಗ ಮೂಡಲಗಿ ತಾಲೂಕಿಗೆ ಸೇರಿದೆ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಜನರ ನಾಲಿಗೆಗೆ ತಂದ ಕುಲಗೋಡ ತಮ್ಮಣ್ಣನ ಊರದು. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಬೆಳಗಿಸಿದ ಆಟವದು. ಒಂದು ಹೂವಿಗಾಗಿ ಮುನಿಯುವ ಸತ್ಯಭಾಮೆ, ಹೆಂಡಿರ ನಡುವೆ ಸಿಕ್ಕಿಬಿದ್ದ ಕೃಷ್ಣ, ಇಬ್ಬರನ್ನೂ ಭಾಗವತ ಊರ ಮಾತಿನಲ್ಲೇ ತಡೆದು ಕೇಳುತ್ತಾನೆ. ದೇವರಾದರೂ ವಿನಾಯಿತಿ ಇಲ್ಲ. ಬಡವರು ಧಣಿಯ ಎದುರು ಆಡಲಾರದ್ದನ್ನು ಆಟದ ಅಟ್ಟದ ಮೇಲೆ ದೇವರಿಗೇ ಅಂದು ಹಗುರಾಗುತ್ತಾರೆ. ನಗೆ ಕೆಳಗಿನಿಂದ ಮೇಲಕ್ಕೆ ಹೋದಾಗ ಯಾರ ಮನೆಯೂ ಮುರಿಯುವುದಿಲ್ಲ. ಹೋಳಿಯಲ್ಲಿ ಹಲಗಿ ಬಾರಿಸುತ್ತ ಬಾಯಿಗೆ ಬಂದದ್ದು ಅನ್ನುವ ಹುಡುಗರಿಗೂ ಬಣ್ಣ ತೊಳೆಯುವ ತನಕವಷ್ಟೇ ಸಲಿಗೆ.

ಮೇಲಿನಿಂದ ಕೆಳಕ್ಕೆ ಬೀಳುವ ನಗೆಯೇ ನನ್ನನ್ನು ಕಾಡುವುದು. ಕಾಲು ಎಳೆದು ನಡೆಯುವವನಿಗೆ ಕುಂಟ್ಯಾ ಎಂಬ ಅಡ್ಡಹೆಸರು, ತೊದಲುವ ಹುಡುಗನ ಮಾತನ್ನು ಅವನೆದುರೇ ಅಣಕಿಸುವುದು, ಕೆಳಗಿನವರೆಂದು ಕರೆಸಿಕೊಂಡವರ ಉಡುಗೆ ನಡಿಗೆಗಳ ಮೇಲೆ ಕುಹಕ, ಹೊಸ ಸೊಸೆಯ ತವರನ್ನು ದಿನಾ ಹಂಗಿಸುವುದು. ಕೇಳಿದರೆ “ಸುಮ್ಮ ಚಾಷ್ಟಿಗೆ ಅಂದ್ವಿ” ಅನ್ನುತ್ತಾರೆ. ಅದು ಚಾಷ್ಟಿಯಲ್ಲ, ಹೀಯಾಳಿಕೆ. ಈಗ ಕುಡಿದು ಬಿದ್ದ ಮುದುಕನನ್ನು ಮೊಬೈಲಿನಲ್ಲಿ ಹಿಡಿದು ಊರೂರಿಗೆ ಹಂಚುತ್ತಾರೆ. ಯಾರು ನಕ್ಕರೆಂಬುದೂ ಅವನಿಗೆ ತಿಳಿಯದು. ಇನ್ನು ಉತ್ತರ ಯಾರಿಗೆ ಕೊಡಬೇಕು?

ಚಾಷ್ಟಿ ನಿಂತರೆ ಊರು ಬಡವಾಗುತ್ತದೆ. ಅದು ನಿಲ್ಲುವುದು ಬೇಡ. ಮಕ್ಕಳಿಗೆ ನಗಬೇಡಿ ಅನ್ನುವ ಬದಲು, ಒಂದು ಮಾತು ಅಂದ ಮೇಲೆ ಕೂತು ಮರುಮಾತನ್ನೂ ಕೇಳಿರಿ ಎಂದು ಕಲಿಸೋಣ. ಅನ್ನಿಸಿಕೊಳ್ಳುವ ಎದೆಯಿದ್ದವನಿಗೆ ಅನ್ನುವ ಹಕ್ಕೂ ಇದೆ. ಎದುರಿನವನಿಗೆ ಉತ್ತರಿಸುವ ಬಾಯಿ, ಬಲ, ಅವಕಾಶ ಇಲ್ಲದ ಕಡೆ ನಾಲಿಗೆಯನ್ನು ತಡೆಯುವುದು ದೊಡ್ಡ ಮನಸ್ಸಿನ ಮಾತೇನೂ ಅಲ್ಲ, ಅದು ಮನುಷ್ಯನಾದವನ ಕನಿಷ್ಠ ಕರ್ತವ್ಯ.