ಉರಿಯಿಲ್ಲದ ಅಡುಗೆಮನೆ

ನಮ್ಮ ಆದಿತ್ಯನಗರದಲ್ಲಿ ತೊಗರಿಬೇಳೆ ಬೇಯಿಸುವುದೆಂದರೆ ಒಂದು ತಪಸ್ಸು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಎಲ್ಲಿ ಅಗೆದರೂ ಸುಣ್ಣದ ಕಲ್ಲು. ಆ ಕಲ್ಲಿದೆಯೆಂದೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು, ಕಾರ್ಖಾನೆಯಿದೆಯೆಂದೇ ಮಳಖೇಡ ರೋಡ್ ರೈಲು ನಿಲ್ದಾಣದ ಮಗ್ಗುಲಲ್ಲಿ ಈ ವಸಾಹತು. ಸ್ವಲ್ಪ ದೂರದಲ್ಲೇ ಕಾಗಿಣಾ ನದಿಯ ದಂಡೆಗೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ. ರಾಜರ ಕಾಲದಲ್ಲೂ ಇಲ್ಲಿ ಬೇಳೆ ತಡವಾಗಿಯೇ ಬೆಂದಿರಬೇಕು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಬೇಳೆಯ ಜೀವಕೋಶಗಳನ್ನು ಬೆಸೆದಿಡುವ ಪೆಕ್ಟಿನ್‌ನೊಂದಿಗೆ ಸೇರಿ ಅದನ್ನು ಕರಗಲು ಬಿಡುವುದಿಲ್ಲ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ಸಿಕ್ಕಿತು. ಬೇಳೆ ನಮ್ಮದು ಒಳ್ಳೆಯದೇ, ನೀರು ಮಾತ್ರ ಸಹಕರಿಸುವುದಿಲ್ಲ.

ಹೋದ ದಸರಾ ರಜೆಯಲ್ಲಿ ಎಪ್ಪತ್ತೆಂಟು ವರ್ಷದ ಅವ್ವನನ್ನು ತಲಕಾವೇರಿಗೆ ಕರೆದೊಯ್ಯುವ ಯೋಗ ಬಂತು. ಇದು ಆಕೆಯ ಹಳೆಯ ಆಸೆ. ತೊಡಕೆಂದರೆ ಊಟ. ಅವ್ವನಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಮಾತ್ರೆ, ಮಾತ್ರೆಯ ಹಿಂದೆಯೇ ಜೋಳದ ರೊಟ್ಟಿ, ಬೇಳೆ, ಪಲ್ಯ. ಹೋಟೆಲಿನ ಅನ್ನ ಒಂದು ದಿನ ನಡೆದೀತು, ನಾಲ್ಕು ದಿನ ನಡೆಯದು. ಆದ್ದರಿಂದ ಮಡಿಕೇರಿಯ ಆಚೆ ಕಾಫಿ ತೋಟದ ನಡುವೆ ಒಂದು ವಿಲ್ಲಾವನ್ನು ಮೂರು ದಿನಕ್ಕೆ ಬಾಡಿಗೆಗೆ ಹಿಡಿದೆವು. ‘ಸಕಲ ಸೌಲಭ್ಯದ ಅಡುಗೆಮನೆ ಉಂಟು, ನೀವೇ ಮಾಡಿಕೊಳ್ಳಬಹುದು’ ಎಂದು ಫೋನಿನಲ್ಲಿ ಹೇಳಿದ್ದರು. ದಿನಕ್ಕೆ ಐನೂರು ರೂಪಾಯಿ ಹೆಚ್ಚು.

ಗಂಟು ಕಟ್ಟಿದ್ದು ಅವ್ವನೇ. ಐದು ಕಿಲೋ ಜೋಳದ ಹಿಟ್ಟು, ಎರಡು ಕಿಲೋ ಬೇಳೆ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಪರಾತ. ಕೊನೆಗೆ ಕಬ್ಬಿಣದ ಹಂಚು. “ಅದೆಲ್ಲಾ ಅಲ್ಲಿರ್ತದ” ಎಂದೆ. “ಇರ್ಲಿ ಬಿಡೋ ತಮ್ಮಾ, ಹಂಚು ಏನ್ ಅನ್ನ ಕೇಳ್ತದೇನು?” ಎಂದು ಹಳೆಯ ಸೀರೆಯಲ್ಲಿ ಸುತ್ತಿದಳು. ವಾಡಿಯಲ್ಲಿ ಸಂಜೆ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ, ಬೆಂಗಳೂರಿನಲ್ಲಿ ಗಾಡಿ ಬದಲಿಸಿ ಮೈಸೂರು, ಅಲ್ಲಿಂದ ಬಸ್ಸು. ಕೊಡಗಿಗೆ ಇಂದಿಗೂ ರೈಲಿಲ್ಲ. ವಿಲ್ಲಾ ಮುಟ್ಟಿದಾಗ ಕತ್ತಲಾಗಿ ಮಳೆ ಹಿಡಿದಿತ್ತು.

ಅಡುಗೆಮನೆ ನಮ್ಮ ಶಾಲೆಯ ಪ್ರಯೋಗಶಾಲೆಗಿಂತ ಹೊಳೆಯುತ್ತಿತ್ತು. ಕರಿ ಗ್ರಾನೈಟಿನ ಕಟ್ಟೆ, ಮೈಕ್ರೋವೇವ್, ಬ್ರೆಡ್ ಸುಡುವ ಯಂತ್ರ, ಫ್ರಿಜ್ಜು. ಕಪಾಟಿನಲ್ಲಿ ಹನ್ನೆರಡು ಉದ್ದ ಕಾಲಿನ ಗಾಜಿನ ಲೋಟ, ಆರು ಬಗೆಯ ಚೂರಿ. ಉಪ್ಪಿಲ್ಲ, ಎಣ್ಣೆಯಿಲ್ಲ, ಇಕ್ಕಳವಿಲ್ಲ. ಒಲೆಯೆಂದರೆ ಇಂಡಕ್ಷನ್ನಿನ ಒಂದು ಗಾಜಿನ ಹಲಗೆ. ಬಂದವರು ಬೆಂಕಿ ಮಾಡಿಕೊಂಡಾರೆಂಬ ಭಯಕ್ಕೆ ಗ್ಯಾಸು ಇಟ್ಟಿಲ್ಲವಂತೆ.

ಅವ್ವ ಬಾಗಿಲಲ್ಲೇ ನಿಂತು ನೋಡಿ ಅಂದಳು: “ಎಂಥಾ ಅಡಗಿಮನಿನೋ ಇದು, ಬೆಂಕೀನೇ ಇಲ್ಲ!”

ಇಂಡಕ್ಷನ್ ಒಲೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಗಾಜಿನ ಕೆಳಗಿನ ತಂತಿಸುರುಳಿಯಲ್ಲಿ ಬದಲಾಗುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಸುಳಿ ವಿದ್ಯುತ್ತನ್ನು ಎಬ್ಬಿಸಿ ಕಾಯಿಸುತ್ತದೆ. ಶಾಖ ಪೋಲಾಗುವುದು ಕಡಿಮೆ. ಆದರೆ ಪಾತ್ರೆ ಕಬ್ಬಿಣದ ಜಾತಿಯದಾಗಿರಬೇಕು, ತಳ ಸಪಾಟಾಗಿರಬೇಕು. ಅವ್ವನ ಹಂಚು ನಲವತ್ತು ವರ್ಷ ಉರಿಯ ಮೇಲೆ ಕೂತು ಗುಳಿ ಬಿದ್ದದ್ದು. ನಡುವೆ ಕೆಂಪಾಯಿತು, ಅಂಚು ಬೆಚ್ಚಗೂ ಆಗಲಿಲ್ಲ. ಅಲ್ಲಿದ್ದ ಅಂಟದ ತವೆಯನ್ನು ರೊಟ್ಟಿಗೆ ಬೇಕಾದಷ್ಟು ಕಾಯಿಸಲು ನನಗೆ ಧೈರ್ಯವಾಗಲಿಲ್ಲ. ಬರಿದೇ ಕಾಯ್ದು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಲೇಪ ಕೆಡಲು ಶುರುವಾಗಿ ಹೊಗೆ ಬಿಡುತ್ತದೆ.

ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಜಿಗುಟಿಲ್ಲ. ಕುದಿವ ಎಸರು ಹಾಕಿ ಪಿಷ್ಟವನ್ನು ಅಂಟಾಗಿಸಿ, ನಾದಿ, ಅಂಗೈಯಿಂದ ಬಡಿದು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು. ಮಗ್ಗುಲು ಬದಲಿಸಿ ಉರಿಗೊಡ್ಡಿದಾಗ ಒಳಗಿನ ನೀರು ಒಮ್ಮೆಲೇ ಹಬೆಯಾಗಿ ರೊಟ್ಟಿ ಉಬ್ಬುತ್ತದೆ. ಉರಿಯೇ ಇಲ್ಲದ ಕಡೆ ನನ್ನಾಕೆ ಮೂರು ರೊಟ್ಟಿ ಮಾಡುವುದರಲ್ಲಿ ಒಂಬತ್ತೂವರೆಯಾಯಿತು. ಮೂರೂ ಸೀಳಿದವು, ನಡುವೆ ಸೀದು ಅಂಚು ಹಸಿ. ಅವ್ವ ಅರ್ಧ ರೊಟ್ಟಿ ಹಿಂಡಿಯೊಡನೆ ತಿಂದು ಸಾಕೆಂದಳು. ರೊಟ್ಟಿ ಈಗ ಬರುತ್ತದೆಂದು ನಂಬಿ ಆಕೆ ಎಂಟಕ್ಕೇ ಮಾತ್ರೆ ನುಂಗಿದ್ದಳೆಂಬುದು ನನಗೆ ಹೊಳೆಯಲಿಲ್ಲ.

ಹನ್ನೊಂದರ ಸುಮಾರಿಗೆ ನನ್ನಾಕೆ ಕೂಗಿದಳು. ಅವ್ವನ ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ಸತ್ತು ಹೋದ ನನ್ನ ಸೋದರಮಾವನನ್ನು ಕರೆದು ಏನೋ ಹೇಳುತ್ತಿದ್ದಳು. ರಕ್ತದಲ್ಲಿ ಸಕ್ಕರೆ ಇಳಿದರೆ ಹೀಗಾಗುತ್ತದೆಂದು ಮೂವತ್ತು ವರ್ಷದಿಂದ ಪಾಠ ಹೇಳುತ್ತಿದ್ದೇನೆ. ಆ ಗಳಿಗೆಯಲ್ಲಿ ನನ್ನ ಕೈಯೂ ನಡುಗಿತು. ಮಧುಮೇಹಿಯ ಜೊತೆ ಹೊರಟವನು ಜೇಬಿನಲ್ಲಿ ಎರಡು ಪೆಪ್ಪರ್‌ಮಿಂಟು ಇಟ್ಟುಕೊಂಡಿರಲಿಲ್ಲ! ಅಡುಗೆಮನೆಯ ಕಪಾಟುಗಳನ್ನೆಲ್ಲ ತೆರೆದೆ. ಚೂರಿ, ಗಾಜು, ಚೂರಿ. ಕೊನೆಗೆ ಮಲಗುವ ಕೋಣೆಯಲ್ಲಿ ಚಹಾದ ತಟ್ಟೆಯ ಮೇಲೆ ಕಾಗದದ ಆರು ಪೊಟ್ಟಣ ಸಕ್ಕರೆ ಕಂಡಿತು. ಆರನ್ನೂ ಹರಿದು ನೀರಿಗೆ ಹಾಕಿದೆ. ಗುಟುಕರಿಸುವಷ್ಟು ಎಚ್ಚರ ಅವ್ವನಿಗಿತ್ತು. ಹದಿನೈದು ನಿಮಿಷದಲ್ಲಿ ಬೆವರು ನಿಂತು, “ಯಾಕ ಎಲ್ಲಾರೂ ಎದ್ದೀರಿ?” ಎಂದಳು.

ಸಕ್ಕರೆ ನೀರು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಹೊಟ್ಟೆಗೆ ಏನಾದರೂ ಬೀಳಬೇಕು. ಮಳೆಯಲ್ಲೇ ಹೋಗಿ ಹಿಂದಿನ ಮನೆಯಲ್ಲಿದ್ದ ಮೇಲ್ವಿಚಾರಕಿಯ ಬಾಗಿಲು ತಟ್ಟಿದೆ. ಐವತ್ತರ ಆಸುಪಾಸಿನ ಹೆಂಗಸು. ಮಾತು ಪೂರ್ತಿ ಕೇಳುವ ಮೊದಲೇ ಒಲೆಗೆ ಸೌದೆ ಒಟ್ಟಿದರು. ಅರ್ಧ ತಾಸಿನಲ್ಲಿ ಅಕ್ಕಿ ಗಂಜಿ ಬಂತು. ಅವ್ವ ಒಂದು ಬಟ್ಟಲು ಕುಡಿದು ಮಲಗಿದಳು. ನಾನು ಬೆಳಗಿನವರೆಗೂ ಕುರ್ಚಿಯಲ್ಲೇ ಕೂತಿದ್ದೆ.

ಬೆಳಿಗ್ಗೆ ಅವರೇ ಬಂದು, “ಅಜ್ಜಿ, ನಮ್ಮ ಒಲೆ ಹತ್ತಿರ ಬನ್ನಿ, ಇಲ್ಲಿ ಏನೂ ಆಗುವುದಿಲ್ಲ” ಎಂದರು. ಅವ್ವ ಹಂಚು ಎತ್ತಿಕೊಂಡು ಹೊರಟೇಬಿಟ್ಟಳು. ಕಾಫಿ ಗಿಡದ ಕಟ್ಟಿಗೆಯ ಉರಿ, ಗುಳಿ ಬಿದ್ದ ಹಂಚು, ಬಡಿಯುವ ಸಪ್ಪಳ. ಮೊದಲನೆಯ ರೊಟ್ಟಿಯೇ ಚೆಂಡಿನಂತೆ ಉಬ್ಬಿತು. ಕೊಡಗಿನವರಿಗೂ ರೊಟ್ಟಿ ಹೊಸದಲ್ಲ. ಅವರದು ಅಕ್ಕಿಯದು, ಬೆಂದ ಅನ್ನವನ್ನೇ ಹಿಟ್ಟಿನೊಡನೆ ನಾದುತ್ತಾರೆ. ನಾವು ಎಸರಿನಿಂದ ಮಾಡುವ ಕೆಲಸವನ್ನು ಅವರು ಅನ್ನದಿಂದ ಮಾಡುತ್ತಾರೆ, ತತ್ವ ಒಂದೇ. ಇದನ್ನು ಇಬ್ಬರಿಗೂ ವಿವರಿಸಲು ಹೋದೆ. ಇಬ್ಬರೂ ಕಿವಿಗೊಡಲಿಲ್ಲ.

ನನಗೆ ಬೆರಗಾದದ್ದು ಬೇಳೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರ. ಅಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಬೇಳೆ ನಮ್ಮಲ್ಲಿಗಿಂತ ತಡವಾಗಬೇಕು. ತೆರೆದ ಪಾತ್ರೆಯಲ್ಲಿ ಇಟ್ಟ ನಮ್ಮದೇ ಬೇಳೆ ಮುಕ್ಕಾಲು ತಾಸಿಗೆ ಬೆಣ್ಣೆಯಂತೆ ಕರಗಿತು. ಮಳೆ ತುಂಬಿಸಿದ ಬಾವಿಯ ಮೆದು ನೀರು ನಾಲ್ಕು ಡಿಗ್ರಿಯ ಕೊರತೆಯನ್ನು ಲೆಕ್ಕಕ್ಕೇ ಇಡಲಿಲ್ಲ. ಚಹಾದ ಮೇಲೆ ನಮ್ಮೂರಲ್ಲಿ ಕಟ್ಟುವ ಕಂದು ಕೆನೆಯೂ ಇರಲಿಲ್ಲ.

ಪಾತ್ರೆ ತೊಳೆಯುವ ಕಟ್ಟೆಗೆ ಹಾಸಿದ್ದ ಬೂದು ಚಪ್ಪಡಿ ಎಲ್ಲೋ ನೋಡಿದಂತಿತ್ತು. ನಿಂಬೆಹಣ್ಣಿನ ಹೋಳು ಹಿಂಡಿ ಬಗ್ಗಿ ನೋಡಿದೆ. ಸಣ್ಣಗೆ ಗುಳ್ಳೆ ಎದ್ದವು. ಶಹಾಬಾದ್ ಕಲ್ಲಲ್ಲದಿದ್ದರೂ ಅದರ ಬಂಧುವಂತೂ ಹೌದು. ಹುಣಸೆ, ನಿಂಬೆ ಬಿದ್ದಲ್ಲೆಲ್ಲ ಅದು ಕರಗಿ ಬಿಳಿ ಕಲೆಯಾಗುತ್ತದೆ. ನಮ್ಮ ಕಡೆಯ ಯಾವ ಹೆಣ್ಣುಮಗಳೂ ಅದರ ಮೇಲೆ ನಿಂಬೆ ಕೊಯ್ಯುವುದಿಲ್ಲ.

ಉಳಿದ ದಿನ ಅಡುಗೆ ಅಲ್ಲೇ. ಭಾಗಮಂಡಲದ ಸಂಗಮ, ತಲಕಾವೇರಿಯ ಕುಂಡಿಕೆ ಎರಡನ್ನೂ ಅವ್ವ ರೊಟ್ಟಿಯ ಬುತ್ತಿಯೊಡನೆ ನೋಡಿದಳು. ಹೊರಡುವಾಗ ಅಡುಗೆಮನೆಯ ಬಾಬ್ತು ಸಾವಿರದ ಐನೂರು ಬಿಲ್ಲಿನಲ್ಲಿತ್ತು. ಕೊಟ್ಟೆ. ಮೇಲ್ವಿಚಾರಕಿ ಹಣ ಮುಟ್ಟಲಿಲ್ಲ, ಉಳಿದ ಜೋಳದ ಹಿಟ್ಟನ್ನು ಮಾತ್ರ ಇಟ್ಟುಕೊಂಡರು. ಇನ್ನು ಮುಂದೆ ವಿಲ್ಲಾ ಹಿಡಿಯುವಾಗ, ಉರಿಯ ಒಲೆ ಇದೆಯೇ, ಹತ್ತಿರದ ಅಂಗಡಿ ಎಷ್ಟು ದೂರ, ರಾತ್ರಿ ಕರೆದರೆ ಓಗೊಡುವವರು ಯಾರು ಎಂದು ಕೇಳಿಯೇ ಮುಂಗಡ ಕೊಡುತ್ತೇನೆ. ಜೇಬಿನಲ್ಲಿ ಬೆಲ್ಲದ ಚೂರಂತೂ ಈಗ ಸದಾ ಇರುತ್ತದೆ.

ಬರುವಾಗ ಆ ಬಾವಿಯ ನೀರು ಎರಡು ಬಾಟಲಿ ತಂದಿದ್ದೆ. ರಜೆ ಮುಗಿದ ಮೇಲೆ ತರಗತಿಯಲ್ಲಿ ಎರಡು ಪ್ರನಾಳಕ್ಕೆ ಎರಡೂರಿನ ನೀರು ಹಾಕಿ, ಒಂದೇ ಅಳತೆಯ ಸೋಪಿನ ಚೂರು ಹಾಕಿ ಅಲುಗಾಡಿಸಿದೆವು. ಕೊಡಗಿನದರಲ್ಲಿ ನೊರೆ ಬಾಯಿಯವರೆಗೆ ಬಂತು. ನಮ್ಮದರಲ್ಲಿ ಮೊಸರಿನಂತೆ ಗಟ್ಟಿ ಒಡೆಯಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಸರ್, ಆ ನೀರಾಗ ಬ್ಯಾಳಿ ಲಗೂನ ಬೇಯ್ತದೇನ್ರಿ?” ಎಂದಳು. ಉಳಿದ ಬಾಟಲಿಯನ್ನು ಮನೆಗೆ ಒಯ್ದೆ. ಅವ್ವ ಚಹಾ ಕೇಳಿದ್ದಳು.