ಹೈದರಾಬಾದಿನ ಗಲ್ಲಿಯಲ್ಲಿ ನಾನಾರ ಜೇಬು ಗಡಿಯಾರ

ಹೈದರಾಬಾದಿಗೆ ಹೋದವರು ಸಾಲಾರ್‌ಜಂಗ್ ಮ್ಯೂಸಿಯಂ ನೋಡದೆ ಮರಳುವುದು ಕಡಿಮೆ. ಮೂಸಿ ನದಿಯ ದಂಡೆಯ ಈ ಮ್ಯೂಸಿಯಂನಲ್ಲಿ ಜನ ಗುಂಪುಗೂಡುವುದು ಕಲ್ಕತ್ತಾದ ಕುಕ್ ಅಂಡ್ ಕೆಲ್ವಿ ಕಂಪೆನಿಯ ಗಡಿಯಾರದ ಮುಂದೆ. ಗಂಟೆಗೊಮ್ಮೆ ಪುಟ್ಟ ಗೊಂಬೆಯೊಂದು ಹೊರಬಂದು ಜಾಗಟೆ ಬಾರಿಸಿ ಒಳಹೋಗುತ್ತದೆ. ನಾವು ಹೋದಾಗ ಮಕ್ಕಳಿಗಿಂತ ದೊಡ್ಡವರೇ ಕತ್ತು ಉದ್ದ ಮಾಡಿ ನಿಂತಿದ್ದರು.

ಆದರೆ ನಮ್ಮನ್ನು ಕಲಬುರಗಿಯಿಂದ ಅಲ್ಲಿಗೆ ಕರೆದೊಯ್ದದ್ದು ಅತ್ತೆಯವರ ಚೀಲದಲ್ಲಿದ್ದ ಜೇಬು ಗಡಿಯಾರ. ಅವರ ತಂದೆ ನಿಜಾಮರ ರೈಲ್ವೆಯಲ್ಲಿ ಗಾರ್ಡ್ ಆಗಿದ್ದರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ರೈಲು ಓಡಿತ್ತು. ನಾನಾರ ಸೇವೆಯೆಲ್ಲ ಆ ದಾರಿಯಲ್ಲೇ ಕಳೆಯಿತು. ಬೆಳ್ಳಿಯ ಕವಚ, ಬಿಳಿ ಎನಾಮಲ್ ಮುಖ, ಮೇಲೆ ವೆಸ್ಟ್ ಎಂಡ್ ವಾಚ್ ಕಂಪೆನಿಯ ಹೆಸರು. ಕಪಾಟಿನಿಂದ ಬಿದ್ದು ನಿಂತುಹೋಗಿತ್ತು. ನಮ್ಮೂರಿನ ಅಂಗಡಿಗಳಲ್ಲಿ ಸೆಲ್ ಬದಲಾಯಿಸುವವರಷ್ಟೇ ಸಿಕ್ಕರು.

ಪತ್ತರ್‌ಗಟ್ಟಿಯ ಸಮೀಪದ ಗಲ್ಲಿಯಲ್ಲಿ, ಮಂಚದಷ್ಟೂ ಅಗಲವಿಲ್ಲದ ಅಂಗಡಿಯಲ್ಲಿ ಒಬ್ಬ ಮುದಿ ಘಡೀಸಾಜ್ ಕುಳಿತಿದ್ದರು. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಹಿಂಬದಿಯ ಮುಚ್ಚಳ ತೆರೆದು, ಮೊದಲು ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಸಡಿಲಿಸಿದರು. ಹಾಗೆ ಮಾಡದೆ ಬಿಚ್ಚಿದರೆ ಒಳಗೆ ಉಳಿದ ಬಲ ಒಮ್ಮೆಲೇ ಹೊರಬಂದು ಚಕ್ರಗಳ ಹಲ್ಲು ಮುರಿಯುತ್ತದಂತೆ.

"ಬ್ಯಾಲೆನ್ಸ್ ಚಕ್ರದ ಅಚ್ಚು ಮುರಿದಿದೆ" ಎಂದರು. ಆ ಅಚ್ಚಿನ ತುದಿಯ ದಪ್ಪ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಇಂತಹ ಗಡಿಯಾರಗಳಲ್ಲಿ ಆ ಚಕ್ರ ಗಂಟೆಗೆ 18,000 ಸಲ ಅತ್ತಿತ್ತ ಹೊರಳುತ್ತದೆ. ಅಚ್ಚು ಮಾಣಿಕ್ಯದ ಚೂರುಗಳ ಮೇಲೆ ತಿರುಗುತ್ತದೆ. ಈಗಿನ ಕೈಗಡಿಯಾರಗಳಲ್ಲಿ ಪೆಟ್ಟು ತಡೆಯುವ ವ್ಯವಸ್ಥೆಯಿದೆ, ಹಳೆಯದರಲ್ಲಿ ಇಲ್ಲ. ಒಂದೇ ಸಲ ಬಿದ್ದರೂ ಸಾಕು. ಎಣ್ಣೆಯೂ ಅಂಟಾಗಿ ಗಟ್ಟಿಯಾಗಿತ್ತು. ವರ್ಷಾನುಗಟ್ಟಲೆ ತೊಳೆಯದೆ ಓಡಿಸಿದರೆ ಎಣ್ಣೆಗೆ ಸೇರಿದ ಧೂಳು ಅರದಂತೆ ಉಕ್ಕನ್ನೇ ಸವೆಸುತ್ತದೆ. ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರದಿಂದ ಇದು ಚೆನ್ನಾಗಿ ಗೊತ್ತು!

ಬಿಡಿಭಾಗ ಎಲ್ಲಿಂದ ತರುವುದು? ಮಾಡುವವರಿಲ್ಲ. ಇನ್ನೊಂದು ಸತ್ತ ಗಡಿಯಾರದಿಂದ ಕೀಳಬೇಕು, ಅದೂ ಅದೇ ಅಳತೆಯದ್ದಾಗಿರಬೇಕು. ಉಸ್ತಾದರ ಡಬ್ಬಿಯಲ್ಲಿ ಕವಚವಿಲ್ಲದ ಯಂತ್ರಗಳು ರಾಶಿಯಿದ್ದವು. ಚಿನ್ನ ಬೆಳ್ಳಿಯ ಆಸೆಗೆ ಜನ ಕವಚ ಕರಗಿಸಿ ಯಂತ್ರ ಬಿಸಾಡುತ್ತಾರೆ. ಇದನ್ನು ಕೇಳಿ ನನಗೆ ಮ್ಯೂಸಿಯಂನ ಗಾಜಿನ ಪೆಟ್ಟಿಗೆಗಳಿಗಿಂತ ಆ ಡಬ್ಬಿಯೇ ಹೆಚ್ಚು ನೋಡಬೇಕಾದದ್ದೆನಿಸಿತು.

"ಮಾಸ್ಟರ್ ಸಾಬ್, ಇದರಲ್ಲೊಂದು ಯಂತ್ರ ಈ ಕವಚಕ್ಕೆ ಹೊಂದುತ್ತದೆ. ಸಂಜೆಯೊಳಗೆ ಓಡುತ್ತದೆ, ಖರ್ಚೂ ಕಡಿಮೆ" ಎಂದರು. ನನಗೆ ಒಪ್ಪಿಗೆಯಾಗಿತ್ತು. ಅತ್ತೆ ತಲೆಯಾಡಿಸಿದರು. "ಅಬ್ಬಾ ನನ್ನ ಕಿವಿಗಿಟ್ಟು ಕೇಳಿಸುತ್ತಿದ್ದದ್ದು ಈ ಯಂತ್ರದ ಸದ್ದು. ಬೇರೆಯವರ ಸದ್ದು ನನಗೇಕೆ, ಭಾಯಿ?"

ಉಸ್ತಾದ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೊಸ ಅಚ್ಚನ್ನು ಲೇತಿನಲ್ಲಿ ಕಡೆಯಬಹುದು, ಆದರೆ ತಮ್ಮ ಕೈ ಈಗ ನಡುಗುತ್ತದೆ ಎಂದರು. ಮಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕಲಿಯಲು ಬಂದ ಹುಡುಗರು ಆರು ತಿಂಗಳೂ ಕೂರಲಿಲ್ಲ. ಐದಾರು ವರ್ಷ ಕೂರದೆ ಈ ವಿದ್ಯೆ ಬರುವುದಿಲ್ಲ, ಅಷ್ಟು ದಿನ ಮನೆ ನಡೆಸುವವರಾರು ಎಂದು ಅವರೇ ಹುಡುಗರ ಪರ ಮಾತಾಡಿದರು. ಕೊನೆಗೆ ಬೆಳಗಿನ ಹೊತ್ತು ಕೈ ಸ್ಥಿರವಿದ್ದಾಗ ದಿನಕ್ಕಷ್ಟಿಷ್ಟು ಮಾಡುತ್ತೇನೆ, ಅವಸರಪಡಿಸಬೇಡಿ ಎಂದು ಚೀಟಿ ಬರೆದುಕೊಟ್ಟರು. ಮುಂಗಡ ಮುಟ್ಟಲಿಲ್ಲ.

ಲಾಡ್ ಬಜಾರಿನಲ್ಲಿ ಹೆಂಗಸರು ಬಳೆ ಕೊಂಡರು. ಅದರ ವರ್ಣನೆ ಬೇರೆಯವರು ಬರೆದಾಗಿದೆ. 1591ರ ಚಾರ್‌ಮಿನಾರಿಗೆ 1889ರಲ್ಲಿ ಗಡಿಯಾರ ಕೂರಿಸಿದರು. ಅತ್ತೆ ಅದನ್ನೇ ನೋಡುತ್ತ ನಿಂತಿದ್ದರು.

ಮೂರು ತಿಂಗಳ ನಂತರ ಫೋನ್ ಬಂತು. ಗಡಿಯಾರ ಈಗ ಓಡುತ್ತಿದೆ, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಅತ್ತೆ ಫಜ್ರ್ ನಮಾಝಿನ ಬಳಿಕ ಕೀ ಕೊಟ್ಟು ಮುಳ್ಳು ಸರಿಪಡಿಸುತ್ತಾರೆ. ಮುರಿದ ಅಚ್ಚನ್ನು ಉಸ್ತಾದ್ ಕಾಗದದಲ್ಲಿ ಸುತ್ತಿ ಜೊತೆಗೇ ಕಳಿಸಿದ್ದರು.