ಮೊಮ್ಮಗಳ ಚಿತ್ರಪುಸ್ತಕಗಳು

ತಲೆ ನರೆತವರು ಮಕ್ಕಳ ಪುಸ್ತಕಗಳನ್ನು ಓದುವುದುಂಟೆ ಎಂದು ವಾಚಕರು ನಗಬಹುದು. ಹೋದ ಚಳಿಗಾಲದಲ್ಲಿ ನಮಗೆ ಬೇರೆ ಗತಿಯಿರಲಿಲ್ಲ. ಕೆನಡಾ ದೇಶದ ಟೊರಾಂಟೊ ನಗರದ ಮಗ್ಗುಲಲ್ಲಿರುವ ಮಿಸ್ಸಿಸಾಗದಲ್ಲಿ ನಮ್ಮ ಮಗನು ಮನೆಮಾಡಿಕೊಂಡಿದ್ದಾನೆ. ನಾವೂ ನಮ್ಮ ಮನೆಯವರೂ ಅಲ್ಲಿಗೆ ಹೋಗಿ ಕೆಲವು ತಿಂಗಳು ಇದ್ದೆವು. ಹೊರಗೆ ಮೊಣಕಾಲುದ್ದ ಹಿಮ. ಒಳಗೆ ಏಳು ವರ್ಷದ ಮೊಮ್ಮಗಳು. ಅವಳು ಶನಿವಾರ ಶನಿವಾರವೂ ಊರಿನ ಪುಸ್ತಕಭಂಡಾರದಿಂದ ಹೊರಲಾರದಷ್ಟು ಚಿತ್ರಪುಸ್ತಕಗಳನ್ನು ತಂದು ನಮ್ಮ ತೊಡೆಯ ಮೇಲೆ ಹೇರುವಳು. ಅವಳಿಗೆ ಕನ್ನಡವು ಕಿವಿಗೆ ತಿಳಿಯುತ್ತದೆ, ಬಾಯಿಗೆ ಬಾರದು. ಆದುದರಿಂದ ಇಂಗ್ಲಿಷಿನಲ್ಲಿ ಓದುವುದು, ಚಿತ್ರವನ್ನು ತೋರಿಸುತ್ತ ಕನ್ನಡದಲ್ಲಿ ಹೇಳುವುದು ಎಂದು ಒಪ್ಪಂದವಾಯಿತು.

ಮೊದಲು ಕೈಗೆ ಬಂದುದು ರೋಕ್ ಕಾರಿಯೆ ಎಂಬವರ ‘ದಿ ಹಾಕಿ ಸ್ವೆಟರ್’. ೧೯೭೯ರಲ್ಲಿ ಫ್ರೆಂಚ್ ಭಾಷೆಯ ಸಣ್ಣ ಕಥೆಯಾಗಿ ಬಂದದ್ದು, ೧೯೮೪ರಲ್ಲಿ ಶೆಲ್ಡನ್ ಕೋಹೆನ್ನರ ಚಿತ್ರಗಳೊಡನೆ ಮಕ್ಕಳ ಪುಸ್ತಕವಾಯಿತು. ಹಾಕಿ ಎಂದರೆ ನಮ್ಮ ಧ್ಯಾನಚಂದರ ಹಾಕಿಯಲ್ಲ. ನೀರ್ಗಲ್ಲಿನ ಮೇಲೆ ಜಾರುತ್ತ ಆಡುವುದು. ೧೯೪೬ನೆಯ ಇಸವಿ, ಕ್ವಿಬೆಕ್ ಪ್ರಾಂತದ ಒಂದು ಹಳ್ಳಿ. ಹುಡುಗರೆಲ್ಲರೂ ಮಾಂಟ್ರಿಯಲ್ ತಂಡದ ಮಾರಿಸ್ ರಿಚರ್ಡನ ೯ನೆಯ ಅಂಕಿಯ ಅಂಗಿ ತೊಡುವವರೆ. ಒಬ್ಬನ ಅಂಗಿಯು ಹಳೆಯದಾಗುತ್ತದೆ. ತಾಯಿಗೆ ಈಟನ್ ಅಂಗಡಿಯ ಇಂಗ್ಲಿಷು ಪತ್ರಕವನ್ನು ತುಂಬುವುದು ಒಗ್ಗದು; ಸಾಕ್ಷಾತ್ ಈಟನ್ ಮಹಾಶಯರಿಗೇ ಕಾಗದ ಬರೆದು ತರಿಸುತ್ತಾಳೆ. ಬರುವುದು ಶತ್ರುಪಕ್ಷದ ಟೊರಾಂಟೊ ತಂಡದ ನೀಲಿ ಅಂಗಿ! ಹಿಂದಿರುಗಿಸಿದರೆ ಈಟನ್ನರು ನೊಂದುಕೊಂಡಾರು ಎಂದು ತಾಯಿಯ ಹಟ. ಹುಡುಗನು ಕೊನೆಗೆ ಇಗರ್ಜಿಗೆ ಹೋಗಿ, ಈ ಅಂಗಿಯನ್ನು ತಿಂದುಹಾಕಲು ನುಸಿಗಳನ್ನು ಕಳುಹಿಸೆಂದು ದೇವರನ್ನು ಬೇಡುತ್ತಾನೆ. ಎರಡು ನುಡಿಯವರ ಬಹುಕಾಲದ ಮುನಿಸು ಒಂದು ಅಂಗಿಯೊಳಗೆ ಅಡಗಿದೆ. ಆದರೂ ಮಗು ಹೊಟ್ಟೆ ಹಿಡಿದುಕೊಂಡು ನಗುತ್ತದೆ. ಈ ಕಥೆಯ ಕೆಲವು ಸಾಲುಗಳನ್ನು ೨೦೦೨ರಲ್ಲಿ ಹೊರಬಂದ ಐದು ಡಾಲರಿನ ನೋಟಿನ ಮೇಲೆಯೂ ಅಚ್ಚುಹಾಕಿದ್ದರಂತೆ.

ಎಲ್ಲ ಪುಸ್ತಕಗಳೂ ಹೀಗಿದ್ದುವೆಂದಲ್ಲ. ಕೆಂಪೆಲೆ, ಕರಡಿ, ಬಾವುಟ ಇವಿಷ್ಟನ್ನೇ ತಿರುಗಿಸಿ ಮುರುಗಿಸಿ ಬರೆದವು ಹಲವು; ಅವು ಪುಸ್ತಕಗಳಿಗಿಂತ ರೈಲ್ವೆ ನಿಲ್ದಾಣದ ಗೋಡೆಯ ಚಿತ್ರಗಳಿಗೆ ಹತ್ತಿರ. ಆದರೆ ನಮಗೆ ಸೋಜಿಗವಾದುದು ಬೇರೆ. ತನ್ನ ದೇಶವು ಮಾಡಿದ ತಪ್ಪನ್ನು ತನ್ನ ಮಕ್ಕಳಿಗೇ ಚಿತ್ರ ಬರೆದು ತೋರಿಸುವ ಪುಸ್ತಕಗಳೂ ಆ ರಾಶಿಯಲ್ಲಿದ್ದುವು. ಅದೇ ೧೯೪೬ರಲ್ಲಿ ನೋವಾ ಸ್ಕೋಷಿಯಾದ ನ್ಯೂ ಗ್ಲಾಸ್ಗೋ ಊರಿನ ಚಿತ್ರಮಂದಿರದಲ್ಲಿ, ಬಿಳಿಯರಿಗೆಂದಿಟ್ಟ ಕೆಳಗಿನ ಸಾಲಿನಿಂದ ಏಳಲೊಲ್ಲದೆ ಸೆರೆಮನೆಯಲ್ಲಿ ರಾತ್ರಿ ಕಳೆದ ಕರಿಯ ಮಹಿಳೆ ವಯೋಲಾ ಡೆಸ್ಮಂಡರ ಕಥೆ ಅಂತಹದೊಂದು. ೨೦೧೮ರಿಂದ ಹತ್ತು ಡಾಲರಿನ ನೋಟಿನ ಮೇಲೆ ಅವರ ಮುಖವಿದೆ.

ಒಂದು ಸಾಯಂಕಾಲ ‘ಐ ಆ್ಯಮ್ ನಾಟ್ ಎ ನಂಬರ್’ ಎಂಬುದನ್ನು ತೆರೆದೆವು. ೨೦೧೬ರಲ್ಲಿ ಪ್ರಕಟವಾದುದು, ಜೆನ್ನಿ ಕೇ ಡುಪುಯಿ ಎಂಬವರು ಕ್ಯಾಥಿ ಕೇಸರರೊಡನೆ ಬರೆದ, ತಮ್ಮ ಸ್ವಂತ ಅಜ್ಜಿಯ ಕಥೆ. ೧೯೨೮ರಲ್ಲಿ ನಿಪಿಸಿಂಗ್ ಎಂಬ ಮೂಲನಿವಾಸಿಗಳ ನೆಲೆಯಿಂದ ಎಂಟು ವರ್ಷದ ಐರೀನಳನ್ನೂ ಅವಳ ಇಬ್ಬರು ಸೋದರರನ್ನೂ ಸರ್ಕಾರದ ಅಧಿಕಾರಿ ವಸತಿಶಾಲೆಗೆ ಒಯ್ಯುತ್ತಾನೆ. ಕಳುಹಿಸದಿದ್ದರೆ ತಂದೆತಾಯಿಗಳಿಗೆ ದಂಡ, ಇಲ್ಲವೆ ಸೆರೆಮನೆ. ಅಲ್ಲಿ ಅವಳ ಕೂದಲನ್ನು ಕತ್ತರಿಸಿ, ಹೆಸರನ್ನು ಕಿತ್ತುಕೊಂಡು, ೭೫೯ ಎಂಬ ಅಂಕಿಯನ್ನು ಕೊಡುತ್ತಾರೆ. ತನ್ನ ಮನೆಮಾತನ್ನಾಡಿದರೆ ಶಿಕ್ಷೆ. ಸರ್ಕಾರದ ಹಣದಿಂದ ಇಗರ್ಜಿಗಳು ನಡೆಯಿಸಿದ ಇಂತಹ ಶಾಲೆಗಳ ಮೂಲಕ ಒಂದೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳು ಹಾದುಹೋದರು. ಕೊನೆಯವು ಮುಚ್ಚಿದ್ದು ೧೯೯೦ರ ದಶಕದಲ್ಲಿ. ಪ್ರಧಾನಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದ್ದು ೨೦೦೮ರ ಜೂನ್ ೧೧ರಂದು.

“ಮಲಗುವ ಹೊತ್ತಿಗೆ ಮಗುವಿಗೆ ಅಳುವ ಕಥೆ ಏಕೆ?” ಎಂದರು ನಮ್ಮ ಮನೆಯವರು. “ನೀನು ಗೋವಿನ ಹಾಡು ಹೇಳಿ ಇವಳಪ್ಪನನ್ನು ಎಷ್ಟು ಸಲ ಅಳಿಸಿಲ್ಲ?” ಎಂದು ನಾವು ಬಾಯಿ ಮುಚ್ಚಿಸಿದೆವು. ಆದರೆ ನಮ್ಮ ಜಾಣತನ ಬಹಳ ಹೊತ್ತು ನಿಲ್ಲಲಿಲ್ಲ. ಮಾತನಾಡಿದುದಕ್ಕೆ ಶಿಕ್ಷೆಯೆಂಬ ಕಡೆಗೆ ಬಂದಾಗ, ಪಕ್ಕದಲ್ಲಿ ಕುಳಿತಿದ್ದ ಮಗನು ನಗುತ್ತ, “ಅಪ್ಪಾ, ಕನ್ನಡ ಆಡಿದ್ದಕ್ಕೆ ನನಗೆ ದಂಡ ಬಿದ್ದಿತ್ತಲ್ಲ, ಜ್ಞಾಪಕವಿದೆಯೆ?” ಎಂದನು.

ಜ್ಞಾಪಕವಿತ್ತು. ಬೆಂಗಳೂರಿನಲ್ಲಿ ನಾವು ಹಾತೊರೆದು ಸೇರಿಸಿದ ಶಾಲೆ; ಹೆಸರೇಕೆ? ಆಟದ ಬಯಲಿನಲ್ಲಿ ಕನ್ನಡವಾಡಿ ಸಿಕ್ಕಿಬಿದ್ದು ಅವನು ಚೀಟಿ ತಂದಿದ್ದನು. ಅಂದು ಮಗನನ್ನೇ ಗದರಿಸಿದೆವು. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲಿಯೂ ಇಂಗ್ಲಿಷೇ ಆಗಲಿ ಎಂದು ಕಟ್ಟಳೆ ಮಾಡಿದೆವು. ಪರೀಕ್ಷೆಗಳು ಒಂದಾದ ಮೇಲೊಂದು ಬಂದುವು. ಐರೀನಳ ಸಂಕಟಕ್ಕೂ ನಮ್ಮ ಮನೆಯ ಸಂಗತಿಗೂ ಹೋಲಿಕೆ ಸಲ್ಲದು. ಆ ಮಕ್ಕಳನ್ನು ಕಿತ್ತೊಯ್ದರು; ನಾವಾದರೋ ಕೈಯಾರೆ ಶುಲ್ಕ ಕಟ್ಟಿ ಕಳುಹಿಸಿದೆವು.

“ಆಗ ನೀವು ಏನು ಮಾಡಿದಿರಿ, ತಾತ?” ಎಂದು ಮೊಮ್ಮಗಳು ಅವಳ ಇಂಗ್ಲಿಷಿನಲ್ಲಿ ಕೇಳಿದಳು.

“ಹತ್ತು ರೂಪಾಯಿ ಕೊಟ್ಟೆವಮ್ಮ” ಎಂದೆವು.

ಅವಳು ಏನೂ ಹೇಳದೆ ಪುಟ ತಿರುಗಿಸಿದಳು. ಬೇಸಿಗೆಯ ರಜಕ್ಕೆ ಮನೆಗೆ ಬಂದ ಮಕ್ಕಳನ್ನು, ಅಧಿಕಾರಿ ಮತ್ತೆ ಕರೆದೊಯ್ಯಲು ಬಂದಾಗ, ಐರೀನಳ ತಂದೆ ತನ್ನ ಕೆಲಸದ ಕೊಟ್ಟಿಗೆಯಲ್ಲಿ ಬಚ್ಚಿಟ್ಟು ಕಾಪಾಡುತ್ತಾನೆ. ಆ ಪುಟಗಳನ್ನು ಕನ್ನಡದಲ್ಲಿ ಹೇಳುವಾಗ ನಮ್ಮ ಗಂಟಲು ಸರಿಯಿರಲಿಲ್ಲ.

ಮುಂದಿನ ವಾರ ‘ಶಿ-ಶಿ-ಎಟ್ಕೊ’ ಎಂಬುದನ್ನು ತಂದಳು. ನಿಕೊಲಾ ಕ್ಯಾಂಬೆಲ್ಲರು ೨೦೦೫ರಲ್ಲಿ ಬರೆದ, ಅಂತಹುದೇ ಶಾಲೆಗೆ ಹೊರಡಲಿರುವ ಹುಡುಗಿಯ ಕೊನೆಯ ದಿನಗಳ ಕಥೆ. ಅಜ್ಜಿ ಅವಳಿಗೊಂದು ಚೀಲ ಕೊಡುತ್ತಾಳೆ; ಹುಡುಗಿ ಅದರಲ್ಲಿ ತನ್ನ ನಾಡಿನ ಗಿಡಗಳ ಎಲೆಗಳನ್ನು ನೆನಪಿಗಾಗಿ ತುಂಬಿ, ಹೋಗುವ ಮುನ್ನ ದೊಡ್ಡ ಮರದ ಬೇರುಗಳ ನಡುವೆ ಇಟ್ಟುಹೋಗುತ್ತಾಳೆ. ಓದಿ ಮುಗಿಸಿದೊಡನೆ ನಮ್ಮ ಮೊಮ್ಮಗಳು ತನಗೂ ಒಂದು ಚೀಲ ಬೇಕೆಂದಳು. ನಮ್ಮ ಮನೆಯವರು ಎಲೆಯಡಿಕೆಯ ಸಂಚಿಯನ್ನು ಕೊಡವಿ ಕೊಟ್ಟರು. ಅವಳು ಅದರ ಮೂಲೆಯಲ್ಲಿ ಉಳಿದಿದ್ದ ಒಂದು ಗೋಟಡಿಕೆಯನ್ನು ಹೆಕ್ಕಿ, ಇದಕ್ಕೆ ಏನು ಹೆಸರೆಂದು ಕೇಳಿದಳು. ಹೇಳಿದೆವು. ಎರಡನೆಯ ಸಲಕ್ಕೆ ಉಚ್ಚಾರಣೆ ಸರಿಯಾಯಿತು.